ಅಣ್ಣಮ್ಮನ ಹೆಸರಿನ ಮುಂದೆ ಸೊನ್ನೆ

…ಅಯ್ಯೋ ಅಯ್ಯೋ, ಆ ಗೋಣಿಚೀಲದ ಮೇಲೆ ಕೂರ್ಬೇಡ ಕಣವ್ವ, ಅದು ಒದ್ದೆ! ಸೊಪ್ಪಿಗೆ ಹೊದಿಸೋದು. ತಗೋ, ಈ ಮಣೆ ಹಾಕ್ಕೋ. ಹಾಂ… ಈಗ ಹೇಳು, ಯಾರು ಕಳಿಸಿದ್ರು ಅಂದೆ? ಇನ್ನೊಂದ್ಸಲ ಹೇಳು, ಕಿವಿ ತುಂಬ ಕೇಳ್ಕೋತೀನಿ. ಗೋಪೀನಾಥ ಮೇಷ್ಟ್ರಾ! ಅವರೇನಾ? ದಪ್ಪ ಕನ್ನಡಕ, ಅಂಗಿ ಜೇಬಲ್ಲಿ ಮೂರು ಪೆನ್ನು, ಮಾತಿಗೆ ಮುಂಚೆ ಒಂದು ಕೆಮ್ಮು… ಅವರು ಇನ್ನೂ ಬದುಕವ್ರಾ?

ಯಾಕೆ ಹಂಗೆ ಮುಖ ಮಾಡ್ತೀಯ? ಸಾಯ್ಲಿ ಅಂದೆನಾ ನಾನು? ಬದುಕಿರ್ಲಿ ತಾಯಿ, ಚೆನ್ನಾಗಿ ಬದುಕಿರ್ಲಿ. ಸತ್ತೋರ ಮೇಲೆ ಹಗೆ ತೀರಿಸ್ಕೊಂಡ್ರೆ ಏನು ಸುಖ?

ಅಪೂರ್ವ ಅಂತಲಾ ನಿನ್ನ ಹೆಸರು? ಒಳ್ಳೆ ಹೆಸರು. ಜ್ಞಾನಭಾರತಿ ಯೂನಿವರ್ಸಿಟಿ ಕಡೆಯಿಂದ ಈ ಬಿಸಿಲಲ್ಲಿ ಬಂದಿದೀಯ, ಮೊದಲು ನೀರು ಕುಡಿ. ಅಂದ್ರೆ, ಮೂವತ್ತಾರು ವರ್ಷದ ಹಿಂದೆ ಅವರು ಯಾವ್ಯಾವ ಮನೆಗೆ ಬಂದು ವ್ಯವಸಾಯದ ಲೆಕ್ಕ ಬರ್ಕೊಂಡು ಹೋಗಿದ್ರೋ, ಅದೇ ಮನೆಗಳಿಗೆ ನೀನು ಈಗ ತಿರುಗಾ ಬರ್ಕೊಳ್ಳೋಕೆ ಬಂದಿದೀಯ. ಸರಿ. ಆಗ ಈ ಶ್ರೀಗಂಧದ ಕಾವಲಲ್ಲಿ ಸೊಪ್ಪು ಬೆಳೆಯೋ ಮನೆ ಹದಿನಾಲ್ಕಿದ್ವು. ಈಗ ನೋಡು, ಆ ಕಡೆ ಅಪಾರ್ಟ್‌ಮೆಂಟು, ಈ ಕಡೆ ಅಪಾರ್ಟ್‌ಮೆಂಟು, ಮಧ್ಯ ನಾನೊಬ್ಬಳು. ಏನು? ‘ಮೊದಲು ಅಣ್ಣಮ್ಮನ ಮನೆಗೇ ಹೋಗು’ ಅಂದ್ರಾ? ಹ್ಹ! ಅನ್ಲೇಬೇಕು. ಪಾಪ ಮಾಡಿದೋರಿಗೆ ಮಾಡಿದ ಜಾಗ ಮರೆಯಲ್ಲ.

ಏನು ನನ್ನ ಕೈನೇ ನೋಡ್ತಾ ಕೂತೆ? ಸೊಪ್ಪು ಕಟ್ಟೋ ಕೈ ಇನ್ನೆಂಗಿರ್ತದೆ, ನೇಲ್ ಪಾಲಿಶ್ ಹಾಕ್ಕೊಂಡಿರ್ತದಾ? ನಾನು ಕಟ್ಟು ಕಟ್ತಾನೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡ. ನಾಲ್ಕು ಗಂಟೆಗೆ ಅನ್ನಪೂರ್ಣೇಶ್ವರಿ ನಗರದಲ್ಲಿ ಗೇಟು ಗೇಟಿನ ಮುಂದೆ ಕೂಗಬೇಕು. ಆ ಬಾಳೆನಾರು ಈ ಕಡೆ ತಳ್ಳು.

ಇದೇನು ಕಾರ್ಡು? ನಂಗಾ? ಇರು, ಕನ್ನಡಕ ಹಾಕ್ಕೋತೀನಿ. ನಾಲ್ಕನೇ ಕ್ಲಾಸು ಓದಿದೀನಿ ಕಣೇ, ಓದೋಕೆ ಬರ್ತದೆ, ನಿಧಾನ ಅಷ್ಟೆ. ‘ಕೃಷಿ ಅರ್ಥಶಾಸ್ತ್ರದ… ಮೂಲ ತತ್ವಗಳು… ಹೊಸ ಮುದ್ರಣ… ಗೋಪೀನಾಥ ಅವರಿಗೆ ಸನ್ಮಾನ… ಭಾನುವಾರ… ವಿಜಯನಗರ.’ ಅಬ್ಬಾ! ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಇರ್ತದಾ? ಬರ್ತೀನಿ. ಬರ್ದೆ ಇರ್ತೀನಾ! ಮುಂದಿನ ಸಾಲಲ್ಲೇ ಕೂತ್ಕೋತೀನಿ. ಆ ಶಾಲು ಹೆಗಲ ಮೇಲೆ ಬಿದ್ದ ತಕ್ಷಣ ಎದ್ದು ನಿಂತು ಎರಡೇ ಮಾತು. ‘ಸ್ವಾಮಿ, ನಿಮ್ಮ ಪುಸ್ತಕ ಪೂರ್ತಿ ಸುಳ್ಳು. ಆ ಸುಳ್ಳು ಹೇಳಿದೋಳು ನಾನೇ.’

ಯಾಕೆ ನಗ್ತೀಯ? ನಗ್ತಿಲ್ವಾ? ಹಂಗಾದ್ರೆ ಸರಿ. ಪೆನ್ನು ತೆಗಿ, ಬರ್ಕೋ.

ನೀನೂ ಓದ್ತಿರೋದು ಅದೇ ತಾನೆ, ಕೃಷಿ ಅರ್ಥಶಾಸ್ತ್ರ? ಅದರ ಮೂಲ ಪಾಠ ನಾನು ಹೇಳ್ತೀನಿ, ಫೀಜು ಬೇಡ. ಮೊದಲನೇದು, ಕೊಳ್ಳೋನು ಕಾಯಬಹುದು, ಸೊಪ್ಪು ಕಾಯಲ್ಲ. ಬೆಳಿಗ್ಗೆ ಆರು ಗಂಟೇಲಿ ನಾನು ಹೇಳಿದ್ದೇ ರೇಟು. ಹತ್ತು ಗಂಟೆಗೆ ಬಿಸಿಲೇರಿದ ಮೇಲೆ ಕೊಳ್ಳೋಳು ಹೇಳಿದ್ದೇ ರೇಟು. ಅದಕ್ಕೇ ಕೆಲವು ಆಂಟಿಯರು ಬೇಕೂಂತಲೇ ಹತ್ತು ಗಂಟೆಗೇ ಗೇಟು ತೆಗೆಯೋದು, ಎಷ್ಟು ಓದಿದಾರೋ ಏನೋ! ಆಮೇಲೆ, ಹೋದ ತಿಂಗಳು ಕೊತ್ತಂಬರಿ ಆಕಾಶಕ್ಕೆ ಹೋಯ್ತು ಅಂತ ಈ ತಿಂಗಳು ಎಲ್ಲಾರೂ ಕೊತ್ತಂಬರೀನೇ ಬಿತ್ತುತಾರೆ. ಎಲ್ಲಾರ್ದೂ ಒಂದೇ ದಿನ ಬರ್ತದೆ. ದನ ಕೂಡ ಮೂಸಲ್ಲ. ಬುದ್ಧಿ ಇರೋಳು ಊರೆಲ್ಲ ಕೊತ್ತಂಬರಿ ಬಿತ್ತುವಾಗ ಮೆಂತ್ಯ ಬಿತ್ತಬೇಕು. ಇನ್ನೂ ಒಂದೈತೆ, ಗೊಬ್ಬರದ್ದು. ಒಂದು ಪಾತಿಗೆ ಒಂದು ಬುಟ್ಟಿ ಹಾಕು, ಸೊಪ್ಪು ಏಳ್ತದೆ. ಎರಡನೇ ಬುಟ್ಟಿಗೆ ಸ್ವಲ್ಪ ಏಳ್ತದೆ. ಮೂರನೇದು ಹಾಕಿದ್ಯೋ, ಬೇರು ಸುಟ್ಟುಹೋಗ್ತದೆ. ಇದಕ್ಕೆ ನಿಮ್ಮಲ್ಲಿ ಏನೋ ದೊಡ್ಡ ಹೆಸರೈತಂತೆ. ನಾನು ಹೆಸರಿಲ್ದೇನೇ ಕಲ್ತಿದ್ದು.

ಇದೆಲ್ಲ ನಿಜ. ನಿಮ್ಮ ಮೇಷ್ಟ್ರಿಗೆ ನಾನು ಇದರಲ್ಲಿ ಒಂದನ್ನೂ ಹೇಳ್ಲಿಲ್ಲ! ಎಲ್ಲಾ ಉಲ್ಟಾ ಹೇಳ್ದೆ. ಒಂಬತ್ತು ವರ್ಷ! ಸಂಕ್ರಾಂತಿ ಆದ್ಮೇಲೆ ಬರೋರು, ಕೆಮ್ಮೋರು, ಕೂರೋರು. ‘ಬುಟ್ಟಿ ಗೊಬ್ಬರಕ್ಕೆ ಎಷ್ಟು ಕಟ್ಟು ಬರ್ತದಮ್ಮ?’ ಒಂದು ಬುಟ್ಟಿಗೆ ಹತ್ತು ಕಟ್ಟು ಸ್ವಾಮಿ, ಹತ್ತು ಬುಟ್ಟಿಗೆ ನೂರು ಕಟ್ಟು! ‘ರೇಟು ಬಿದ್ದಾಗ ಏನು ಮಾಡ್ತೀರಿ?’ ಇನ್ನೂ ಜಾಸ್ತಿ ಬಿತ್ತೀನಿ ಸ್ವಾಮಿ, ಹಟಕ್ಕೆ! ‘ಕೊಯ್ದ ಸೊಪ್ಪು ಎಷ್ಟು ಹೊತ್ತು ತಡೀತದೆ?’ ಎಂಟು ದಿನ! ಹಹ್ಹಹ್ಹ… ಎಂಟು ದಿನ ಅಂದೆ ಕಣೇ! ತಲೆ ಎತ್ತಲಿಲ್ಲ ಮಹಾನುಭಾವರು. ಬರ್ಕೊಂಡ್ರು. ಜೊತೇಲಿ ಬರ್ತಿದ್ದ ಹುಡುಗ ಹೇಳ್ತಿದ್ದ, ‘ಅಮ್ಮಾ, ನೀವು ಹೇಳೋದೆಲ್ಲ ಪುಸ್ತಕಕ್ಕೆ ಹೋಗ್ತದೆ, ಎಲ್ಲಾ ಕಾಲೇಜಲ್ಲೂ ಓದ್ತಾರೆ’ ಅಂತ. ಓದ್ಲಿ ಅಂದ್ಕೊಂಡೆ. ಒಳಗೆ ಹೋಗಿ ಸೆರಗು ಬಾಯಿಗೆ ತುರುಕ್ಕೊಂಡು ನಗ್ತಿದ್ದೆ. ಊರಿನ ಮಕ್ಕಳೆಲ್ಲ ಅಣ್ಣಮ್ಮನ ಸುಳ್ಳನ್ನ ಬಾಯಿಪಾಠ ಮಾಡಿ ಪಾಸಾಗ್ಲಿ.

ಅಂಥದ್ದೇನು ಮಾಡಿದ್ರು ಅವರು ಅಂತಾನಾ? ಕಣ್ಣಲ್ಲೇ ಕೇಳ್ತೀಯಲ್ಲ ನೀನು. ಹೇಳ್ತೀನಿ. ಅದಕ್ಕೇ ತಾನೆ ಬಂದಿರೋದು ನೀನು.

ಆಗ ನಮಗೆ ಒಂದೂವರೆ ಎಕರೆ ತೋಟ. ಸ್ವಂತದ್ದಲ್ಲ, ಸಾಹುಕಾರ್ರದ್ದು, ಗುತ್ತಿಗೆಗೆ ಮಾಡ್ತಿದ್ವಿ. ನಮ್ಮೋರು ಮಿಲ್ಲಿನ ಶಿಫ್ಟಿಗೆ ಹೋಗೋರು. ಅವರಣ್ಣ ದೊಡ್ಡಹನುಮಯ್ಯ, ನಮ್ಮ ಭಾವ, ಬದುವಿನ ಮೇಲೆ ಕೂತು ಬೀಡಿ ಸೇದೋದೇ ಅವನ ವ್ಯವಸಾಯ. ಇನ್ಯಾರು ಉಳಿದ್ರು? ನಾನು! ಕೋಳಿ ಕೂಗೋಕೆ ಮುಂಚೆ ಎದ್ದು ಪಾತಿಗೆ ನೀರು ಕಟ್ಟೋಳು ನಾನು. ಕಳೆ ಕೀಳೋಳು ನಾನು. ಸೊಪ್ಪು ಕೊಯ್ದು, ತೊಳೆದು, ಕಟ್ಟಿ, ಬುಟ್ಟಿ ಹೊತ್ಕೊಂಡು ಮಾಗಡಿ ರೋಡಿನ ತನಕ ನಡೆಯೋಳು ನಾನು. ಹೊಟ್ಟೇಲಿ ಮಗ ಇದ್ದಾಗ್ಲೂ ಹೊತ್ತಿದೀನಿ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮನೇಲಿ ಕೈ ನಂದು ಕೆಸರು, ಬಾಯಿ ಭಾವಂದು ಮೊಸರು.

ಆ ವರ್ಷ ನಿಮ್ಮ ಮೇಷ್ಟ್ರು ಮೊದಲ್ನೇ ಸಲ ಬಂದ್ರು. ಆಗಿನ್ನೂ ಕೂದಲೆಲ್ಲ ಕಪ್ಪು. ಜಗಲಿ ಮೇಲೆ ಕೂತು, ಕಾರ್ಬನ್ ಹಾಳೆ ಇಟ್ಟು ಬರೆದು, ಒಂದು ಕಾಪಿ ಮನೇಲೇ ಬಿಟ್ಟು ಹೋದ್ರು. ಅದರಲ್ಲಿ ಏನು ಬರೆದಿದ್ರು ಗೊತ್ತಾ? ನಂಗೆ ಈಗ್ಲೂ ಬಾಯಿಗೆ ಬರ್ತದೆ. ‘ದೊಡ್ಡಹನುಮಯ್ಯ, ಗಂಡಾಳು ಒಂದು, ವರ್ಷಕ್ಕೆ ಮುನ್ನೂರು ದಿನ. ಅಣ್ಣಮ್ಮ, ಮನೆಯಲ್ಲಿರುತ್ತಾರೆ. ತೋಟದ ಕೆಲಸ ಸೊನ್ನೆ.’ ಸೊನ್ನೆ! ಅವರ ಲೆಕ್ಕದಲ್ಲಿ ಮೂರು ಹೆಣ್ಣಾಳು ಸೇರಿದ್ರೆ ಎರಡು ಗಂಡಾಳಂತೆ. ಆಗ್ಲಿ ಬಿಡು, ಅದನ್ನೂ ಒಪ್ಕೋತಿದ್ದೆ. ಅರ್ಧ ಆಳು ಅಂತ ಬರೆದಿದ್ರೂ ಒಪ್ಕೋತಿದ್ದೆ. ಸೊನ್ನೆ ಬರೆದ್ರು ಕಣೇ! ಮನೆ ಮುಂದೆ ಕಟ್ಟಿಹಾಕಿದ್ದ ಹಸೂಗೂ ಒಂದು ನಂಬರ್ ಕೊಟ್ಟಿದ್ರು. ನಂಗೆ ಸೊನ್ನೆ.

ಕೇಳಿದ್ರಾ ನನ್ನನ್ನ? ಒಂದು ಮಾತು ಕೇಳಿದ್ರಾ? ಇಲ್ಲ! ನಾನು ಬಾಗಿಲ ಹಿಂದೆ ನಿಂತೇ ಇದ್ದೆ. ಭಾವನ್ನ ಕೇಳಿದ್ರು, ಬರ್ಕೊಂಡ್ರು, ಎದ್ದು ಹೋದ್ರು. ಅವತ್ತು ಮನೆ ತುಂಬಾ ನೆಂಟ್ರು ಬೇರೆ… ಅದಿರ್ಲಿ. ಅದೇನೂ ಬೇಡ ಈಗ.

ಏನು? ಯಾಕೆ ಬರ್ಕೊಳ್ಳೋದು ನಿಲ್ಲಿಸ್ದೆ? ಬರ್ಕೋ ಬರ್ಕೋ.

ಮುಂದಿನ ವರ್ಷ ನಮ್ಮೋರಿಗೆ ಕಾಮಾಲೆ ಆಯ್ತು. ಹದಿನೆಂಟು ದಿನ. ಹೋಗ್ಬಿಟ್ರು. ತಿಥಿ ಮುಗಿದ ವಾರಕ್ಕೆ ಸಾಹುಕಾರ್ರು ಪೇಟೆಯಿಂದ ಬಂದು ಕೇಳಿದ್ರು, ‘ಇನ್ಮೇಲೆ ತೋಟ ಯಾರು ಮಾಡ್ತೀರಿ? ಮಾಡೋ ಕೈ ಯಾವುದೋ ಅದರ ಹೆಸರಿಗೇ ಕೊಡ್ತೀನಿ’ ಅಂತ. ನ್ಯಾಯವಾದ ಮಾತು. ನಾನು ಬಾಯಿ ತೆಗೆಯೋಕೆ ಮುಂಚೆ ಭಾವ ಪೆಟ್ಟಿಗೆಯಿಂದ ಆ ಕಾಗದ ತಂದ. ‘ನೋಡಿ ಯಜಮಾನ್ರೇ, ಕಾಲೇಜಿನೋರು ಬರೆದಿರೋದು. ಇವಳಿಗೆ ತೋಟ ಅಂದ್ರೆ ಏನು ಅಂತಲೇ ಗೊತ್ತಿಲ್ಲ.’ ಸಾಹುಕಾರ್ರು ಓದಿದ್ರು, ಮಡಚಿದ್ರು, ಅವನ ಕೈಗೇ ಕೊಟ್ರು. ಮುಗೀತು. ಮೂರು ವರ್ಷದ ಮಗು ಕಂಕುಳಲ್ಲಿಟ್ಕೊಂಡು ನಾನು ಅಲ್ಲೇ ನಿಂತಿದ್ದೆ. ನಾನೇ ಬಿತ್ತಿದ್ದ ದಂಟು ಮೊಣಕಾಲುದ್ದ ಬಂದಿತ್ತು. ಅದನ್ನ ಅವನು ಕೊಯ್ಸಿದ. ಆಮೇಲೆ ಸಾಹುಕಾರ್ರು ಲೇಔಟ್ ಮಾಡಿದಾಗ ‘ತೋಟ ಮಾಡ್ತಿದ್ದೋನು’ ಅಂತ ಅವನಿಗೆ ಒಂದು ಸೈಟು ಬೇರೆ ಕೊಟ್ರು. ಆ ಹಳದಿ ಬಣ್ಣದ ಮೂರಂತಸ್ತು ಬರುವಾಗ ನೋಡಿದ್ಯಾ? ಅದು ನನ್ನ ಸೊನ್ನೆ ಮೇಲೆ ಕಟ್ಟಿರೋ ಮನೆ.

ಅವತ್ತಿಂದ ನಾನು ಖಾಲಿ ಸೈಟಲ್ಲಿ ಸೊಪ್ಪು ಬೆಳೀತಾ ಇದೀನಿ. ಯಾರೋ ಸೈಟು ತಗೊಂಡಿರ್ತಾರೆ, ಕಟ್ಟೋವರ್ಗೂ ನಂದು. ಗುದ್ದಲಿ ಪೂಜೆ ಮಾಡಿದ ದಿನ ನನ್ನ ಪಾತಿ ಮುಗೀತು, ಬುಟ್ಟಿ ಎತ್ಕೊಂಡು ಇನ್ನೊಂದು ಸೈಟು. ಈಗಿರೋದು ಹನ್ನೊಂದನೇದು.

ಇಷ್ಟಾದ್ಮೇಲೂ ಆ ಮನುಷ್ಯ ಬರ್ತಿದ್ರು ಕಣೇ! ಪ್ರತಿ ವರ್ಷ! ಬೇರೆ ಮನೆಗೆ ಹುಡುಗರನ್ನ ಕಳಿಸೋರು, ನನ್ನ ಮನೆಗೆ ಅವರೇ ಬರೋರು. ಬಂದು ಕೂತ್ಕೊಂಡು ಮೊದಲ್ನೇ ಪ್ರಶ್ನೆ ಏನು ಗೊತ್ತಾ? ‘ಅಣ್ಣಮ್ಮನೋರೇ, ತೋಟದ ಕೆಲಸ ನೀವು ಮಾಡ್ತೀರಾ?’ ಗಾಯಕ್ಕೆ ಉಪ್ಪು ಸವರೋದು ಅಂದ್ರೆ ಇದೇ ಅಲ್ವಾ? ನನ್ನ ಅನ್ನ ಕಿತ್ಕೊಂಡು, ಊಟ ಆಯ್ತಾ ಅಂತ ಕೇಳೋದು! ನಾನೂ ಬಿಡ್ತಿರ್ಲಿಲ್ಲ. ‘ನಿಮಗೇ ಗೊತ್ತಲ್ಲ ಸ್ವಾಮಿ, ನಾನು ಸುಮ್ನೆ ಕೂತಿರೋಳು’ ಅಂತಿದ್ದೆ. ಒಂದು ಗಳಿಗೆ ಹಂಗೇ ನೋಡೋರು. ಆಮೇಲೆ ಕೆಮ್ಮಿ ಎರಡನೇ ಪ್ರಶ್ನೆ. ಆಗ ಶುರು ನನ್ನ ಸುಳ್ಳಿನ ಸಂತೆ!

ಈಗ ಹೇಳು, ತಪ್ಪಾ ನಾನು ಮಾಡಿದ್ದು? ಒಂದು ಸೊನ್ನೆಗೆ ಒಂಬತ್ತು ವರ್ಷದ ಸುಳ್ಳು. ಬಡ್ಡಿನೂ ಸೇರಿ ಕೊಟ್ಟಿದೀನಿ. ಆ ಪುಸ್ತಕ ನಿನ್ನ ಚೀಲದಲ್ಲೈತೆ ಅಲ್ವಾ, ತೆಗಿ. ನಂಗೆ ತೋರ್ಸು, ನನ್ನ ಎಂಟು ದಿನದ ಸೊಪ್ಪು ಯಾವ ಪುಟದಲ್ಲೈತೆ? ಭಾನುವಾರ ಅದೇ ಪುಟ ತೆಗೆದು ಓದಿಸ್ಬೇಕು.

ಯಾಕೆ ತೆಗೀತಿಲ್ಲ?

ಪುಟ ಗೊತ್ತಿಲ್ವಾ? ನೀನು ಓದಿರೋ ಪುಸ್ತಕ, ಪುಟ ಗೊತ್ತಿಲ್ವಾ ನಿಂಗೆ? ಹತ್ತು ಬುಟ್ಟಿಗೆ ನೂರು ಕಟ್ಟು, ಅದು? ಅದೂ ಇಲ್ವಾ? ಏನವ್ವ, ಹಂಗೆ ತಲೆ ಬಗ್ಗಿಸ್ದೆ… ಇದೇನು ಹಳೇ ಕಾಗದ? ಆಗ್ಲಿಂದ ಕೈ ಅಡ್ಡ ಇಟ್ಕೊಂಡು ಕೂತಿದ್ಯಲ್ಲ, ಇದಾ? ಮೇಷ್ಟ್ರು ಕೊಟ್ಟು ಕಳಿಸಿದ್ದಾ? ಕೊಡಿಲ್ಲಿ.

ಇವು… ನಾನು ಹೇಳಿದ್ದು. ಹೌದು, ಇಲ್ಲೈತೆ ನೋಡು, ‘ಎಂಟು ದಿನ’. ಅದರ ಮೇಲೆ ಯಾಕೆ ಕೆಂಪು ಗೆರೆ? ಏನೋ ಬರೆದವ್ರೆ. ‘ಬೇಸರದಲ್ಲಿ… ಹೇಳಿದ್ದು. ಬಳಸ… ಬಾರದು.’ ಇದು ಮುಂದಿನ ವರ್ಷದ್ದಾ? ಇದಕ್ಕೂ ಕೆಂಪು. ಇದಕ್ಕೂ. ಇದಕ್ಕೂ… ಒಂಬತ್ತಕ್ಕೂ ಹೊಡೆದವ್ರಾ? ಅಂದ್ರೆ, ಗೊತ್ತಿತ್ತಾ ಅವರಿಗೆ? ಗೊತ್ತಿದ್ದೂ ತಲೆ ಬಗ್ಗಿಸ್ಕೊಂಡು ಬರ್ಕೊಂಡ್ರಾ? ನಾನು ಸೆರಗು ಕಚ್ಕೊಂಡು ನಗ್ತಿದ್ನಲ್ಲೇ… ಒಂದೂ ಪುಸ್ತಕಕ್ಕೆ ಹೋಗಿಲ್ವಾ?

ಮಾತಾಡು. 

ಕೆಳಗೆ ಇನ್ನೊಂದೈತೆ. ಇದಕ್ಕೆ ಕೆಂಪಿಲ್ಲ. ಇದು… ಬೇಡ. ಇದು ನಂಗೆ ಬೇಡ, ಇದರಲ್ಲಿರೋದು ಗೊತ್ತು ನಂಗೆ, ಆಗ್ಲೇ ಹೇಳಿದ್ನಲ್ಲ. ವಾಪಸ್ಸು ತಗೋ. ತಗೋ ಅಂದೆ! ಯಾಕೆ ಕೈ ಚಾಚ್ತಿಲ್ಲ? ಏನು ಬೆರಳು ಮಾಡಿ ತೋರಿಸ್ತೀಯ ಅಲ್ಲಿ ಕೆಳಗಡೆ?

…ಸೈನು. ಹೌದು, ಸೈನು. ಅಣ್ಣಮ್ಮ. ಹೆಬ್ಬೆಟ್ಟಲ್ಲ. ಹೆಬ್ಬೆಟ್ಟು ಸಾಕು ಅಂದ್ರು ಅವರು, ನಾನೇ ಪೆನ್ನು ಇಸ್ಕೊಂಡು ಹಾಕ್ದೆ. ನೆಂಟ್ರು ನೋಡ್ಲಿ ಅಂತ.

ಹಂಗೆ ನೋಡ್ಬೇಡ ನನ್ನ. ಬಯ್ಯೋದಾದ್ರೆ ಬಯ್ದುಬಿಡು… ಹೌದು. ಕೇಳಿದ್ರು. ನನ್ನನ್ನೇ ಕೇಳಿದ್ರು. ನಾನು ಬಾಗಿಲ ಹಿಂದೆ ಇರ್ಲಿಲ್ಲ, ಜಗಲಿ ಮೇಲೇ ಇದ್ದೆ. ರೇಷ್ಮೆ ಸೀರೆ ಉಟ್ಕೊಂಡು. ಅವತ್ತು ನನ್ನ ತಂಗಿ ವರಲಕ್ಷ್ಮೀನ ನೋಡೋಕೆ ಬಂದಿದ್ರು, ರಾಜಾಜಿನಗರದೋರು, ಹುಡುಗ ಆಫೀಸಲ್ಲಿ ಗುಮಾಸ್ತ. ಅಪ್ಪ ಅಮ್ಮ ಇಲ್ಲದ ಹುಡುಗಿ, ನನ್ನ ಮಡಿಲಲ್ಲೇ ಬೆಳೆದಿದ್ದು. ಅಕ್ಕ ಸೊಪ್ಪಿನ ಬುಟ್ಟಿ ಹೊರ್ತಾಳೆ ಅಂತ ಗೊತ್ತಾದ್ರೆ ಆ ಮನೆಯೋರು ಕಾಫಿ ಲೋಟ ಅಲ್ಲೇ ಇಟ್ಟು ಏಳ್ತಿದ್ರು. ಹುಣಸೆಹಣ್ಣು ಹಾಕಿ ಕೈ ಉಜ್ಜಿದ್ದೆ, ಸಿಪ್ಪೆ ಸುಲಿಯೋ ಹಂಗೆ. ಅದೇ ಹೊತ್ತಿಗೆ ಇವರು ಬಂದ್ರು. ಎಲ್ಲಾರ ಮುಂದೆ ಕೇಳಿದ್ರು, ‘ತೋಟದ ಕೆಲಸ ನೀವು ಮಾಡ್ತೀರಾ ಅಮ್ಮ?’ ನಾನು ಅಂದೆ… ಏನು ಅಂದೆ ಗೊತ್ತಾ? ‘ಛೇ! ನಮ್ಮನೇ ಹೆಂಗಸರು ಮಣ್ಣು ಮುಟ್ಟಲ್ಲ.’

ನಮ್ಮ ಭಾವ ಬೀಡಿ ಆರಿಸಿ ನನ್ನ ಮುಖ ನೋಡಿದ. ಈ ಮಾತು ಮುಂದೆ ಕೆಲಸಕ್ಕೆ ಬರ್ತದೆ ಅಂತ ಅವನಿಗೆ ಅವತ್ತೇ ಹೊಳೀತೋ ಏನೋ.

ಮದುವೆ ಆಯ್ತು. ಅವಳು ಚೆನ್ನಾಗವ್ಳೆ. ಈ ಕಡೆ ಬರಲ್ಲ… ಸೊಪ್ಪು ಮಾರೋ ಅಕ್ಕ ಅಂತ ಹೆಂಗೆ ಹೇಳ್ತಾಳೆ ಪಾಪ.

ಇಲ್ಲಿ ಅಂಚಲ್ಲಿ ಏನೋ ಪೆನ್ಸಿಲಲ್ಲಿ ಐತೆ. ಚಿಕ್ಕ ಅಕ್ಷರ. ‘ಉ… ಉಗುರಿನ ಸಂದಿಯಲ್ಲಿ… ಮಣ್ಣಿತ್ತು. ಮೂರು ಸಲ ಕೇಳಿದೆ. ಮೂರು ಸಲವೂ… ಇಲ್ಲ ಎಂದರು. ಅವರು ಹೇಳಿದ್ದನ್ನೇ… ಬರೆದಿದ್ದೇನೆ.’

ಓ… ಅದಕ್ಕೇನಾ ನೀನು ಬಂದಾಗ್ಲಿಂದ ನನ್ನ ಕೈ ನೋಡ್ತಿದ್ದು.

ಅದಕ್ಕೇನಾ ಅವರು ವರ್ಷಾ ವರ್ಷಾ ಬಂದು ಅದೊಂದೇ ಪ್ರಶ್ನೆ ಮೊದಲು ಕೇಳ್ತಿದ್ದು? ಉಪ್ಪು ಸವರೋಕೆ ಅಂದ್ಕೊಂಡಿದ್ನಲ್ಲೇ ನಾನು! ‘ಮಾಡ್ತೀನಿ ಸ್ವಾಮಿ’ ಅಂತ ಒಂದು ಮಾತು… ಒಂಬತ್ತು ಸಲ ಬಾಗಿಲಿಗೆ ಬಂದು ಕೇಳಿದ್ರು, ಒಂದು ಸಲ ಅಂದಿದ್ರೆ… ಮಾತು ಆಡಿದ್ರೆ ಹೋಯ್ತು ಅಂತಾರೆ. ಹೋಗ್ಲಿಲ್ಲ, ಉಳ್ಕೊಂತು. ಗೊಬ್ಬರದ ಸುಳ್ಳು, ಬಿತ್ತೋ ಸುಳ್ಳು, ಎಂಟು ದಿನದ ಸುಳ್ಳು ಎಲ್ಲಾ ಕೆಂಪು ಗೆರೆಗೆ ಹೋಯ್ತು. ಆ ದೊಡ್ಡ ಪುಸ್ತಕದಲ್ಲಿ ನಂದು ಅಂತ ಉಳಿದಿರೋದು ಈ ಸೊನ್ನೆ ಒಂದೇ. ಅದನ್ನ ನಾನೇ ಹೇಳಿ, ನಾನೇ ಸೈನು ಹಾಕಿದ್ದು. ಮೂವತ್ತಾರು ವರ್ಷ ಯಾರಿಗೆ ಶಾಪ ಹಾಕ್ತಾ ಕೂತಿದ್ದೆ ನಾನು?

ಕಾರ್ಡು ತಗೊಂಡು ಹೋಗು. ಭಾನುವಾರ ನಾನು ಬರಲ್ಲ.

ಇರು. ಏಳ್ಬೇಡ. ನಿನ್ನ ಹೊಸ ಹಾಳೆ ಎಲ್ಲಿ? ಅದರಲ್ಲೂ ಮೊದಲ್ನೇ ಪ್ರಶ್ನೆ ಅದೇ ಅಲ್ವಾ? ಖಾಲಿ ಬಿಟ್ಟಿದೀಯ. ಬಂದಾಗ್ಲಿಂದ ಬರೀತಾ ಇದೀಯ, ಅದೊಂದು ಖಾಲಿ. ಕೇಳು. ಆ ಕಡೆ ಮನೆಯೋರು ಬಾಲ್ಕನೀಲಿ ನಿಂತವ್ರೆ, ನಿಂತಿರ್ಲಿ, ಗಟ್ಟಿಯಾಗೇ ಕೇಳು.

ಕೇಳವ್ವ. ಅವರು ಅಷ್ಟು ಸಲ ಕೇಳಿದ್ರು. ನೀನು ಒಂದು ಸಲ ಕೇಳು.